ಬೋರಲು ಹಾಕಿದ ಕಪ್ಪು

ಇಂದು ಬೆಳಿಗ್ಗೆ ಆಫೀಸಿನ ಬೇಸಿನ್ ಕಟ್ಟೆಯ ಮೇಲೆ ನನ್ನ ಚಹಾದ ಕಪ್ಪು ಬೋರಲಾಗಿ ಕೂತಿತ್ತು. ಅಂಚಿನಿಂದ ಇಳಿದ ನೀರು ಕಟ್ಟೆಯ ಮೇಲೆ ಬಳೆಯಂಥ ಗುರುತು ಮಾಡಿತ್ತು. ತೊಳೆದವಳು ನಾನೇ, ತೊಳೆದದ್ದು ಮಾತ್ರ ನೆನಪಿಲ್ಲ. ಚಹಾ ಮುಗಿದದ್ದು ನನಗಿಂತ ಮೊದಲು ನನ್ನ ಕೈಗೆ ಗೊತ್ತಾಗುತ್ತದೆ. ಮೂಡಲಗಿಗೆ ಹೋಗಿಬಂದ ಮೇಲೆ ಆ ಕಪ್ಪು ಕಂಡರೆ ನನ್ನ ಮುಖ ಬಿಸಿಯಾಗುತ್ತದೆ. ಯಾಕೆಂದು ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಕೆಲಸದ ಬಗ್ಗೆ ತುಸು ಕೇಳಬೇಕು. ಇದನ್ನು ಕೇಳುವಾಗ ಸಾಮಾನ್ಯವಾಗಿ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ನೀವು ಸ್ವಲ್ಪ ತಡೆಯಿರಿ.

ಗೋಕಾಕದ ಈ ಸಣ್ಣ ಆಫೀಸಿನಲ್ಲಿ ನಾವು ಹಾಲಿನ ಕೇಂದ್ರಗಳಿಗೆ ಪ್ರೋಗ್ರಾಮ್ ಬರೆಯುತ್ತೇವೆ. ಪ್ರೋಗ್ರಾಮ್ ಒಂದೇ, ಊರುಗಳು ಹಲವು. ಒಂದೊಂದು ಊರಿನ ಕೇಂದ್ರ ಒಂದೊಂದು ಹೊತ್ತಿಗೆ ತೆರೆಯುತ್ತದೆ. ಆದ್ದರಿಂದ ಪ್ರೋಗ್ರಾಮ್ ಶುರುವಾಗುವಾಗ ತನ್ನ ಸೆಟಿಂಗುಗಳನ್ನು ಮೂರು ಕಡೆ ಹುಡುಕುತ್ತದೆ. ತಳದಲ್ಲಿ ನಾನು ಒಳಗೇ ಬರೆದಿಟ್ಟದ್ದು, ಅದನ್ನು ಡೀಫಾಲ್ಟ್ ಎನ್ನುತ್ತೇವೆ. ಅದರ ಮೇಲೆ ಆ ಊರಿನ ಫೈಲು. ಎಲ್ಲಕ್ಕೂ ಮೇಲೆ, ಆ ಕಂಪ್ಯೂಟರಿನಲ್ಲೇ ಯಾರಾದರೂ ಕೊಟ್ಟದ್ದು. ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ. ಕೊನೆಗೆ ಎಲ್ಲವನ್ನೂ ಒಂದು ಅಚ್ಚಿಗೆ ಸುರಿಯುತ್ತೇನೆ. ಸಮಯದ ಜಾಗದಲ್ಲಿ ಸಮಯವೇ ಕೂರಬೇಕು, ಸಂಖ್ಯೆಯ ಜಾಗದಲ್ಲಿ ಸಂಖ್ಯೆಯೇ. ಬೇರೆಯದನ್ನು ಅಚ್ಚು ಒಪ್ಪುವುದಿಲ್ಲ. ಈ ಕಟ್ಟುನಿಟ್ಟು ನನಗೆ ಇಷ್ಟ. ಆದರೆ ಮೇಲೆ ಯಾರೂ ಏನೂ ಬರೆಯದಿದ್ದರೆ, ತಳದ್ದು ಸದ್ದಿಲ್ಲದೆ ಎದ್ದು ಬರುತ್ತದೆ. ಅಚ್ಚಿಗೂ ಅದು ಸರಿಯಾಗಿಯೇ ಕಾಣುತ್ತದೆ.

ಕುಲಗೋಡದಲ್ಲಿ ಹಾಗೇ ಆಯಿತು. ಆ ಊರಿನ ಫೈಲಿನಲ್ಲಿ ಸಂಜೆಯ ಸಮಯ ತುಂಬಿರಲಿಲ್ಲ. ಪರೀಕ್ಷೆಗೆಂದು ನಾನು ಯಾವಾಗಲೋ ಬರೆದಿಟ್ಟ ನಡುಮಧ್ಯಾಹ್ನದ ಸಮಯವೇ ಹಾಲು ಹಾಕುವವರ ಮೊಬೈಲುಗಳಿಗೆ ಹೋಗಿ, ಹೆಂಗಸರು ಕ್ಯಾನು ಹಿಡಿದು ಮುಚ್ಚಿದ ಶಟರ್ ಮುಂದೆ ಬಿಸಿಲಲ್ಲಿ ನಿಂತರು. ಮರುದಿನ ಸರಿಪಡಿಸಲು ನಾನು ಮತ್ತು ಶೋಭಕ್ಕ ಹೋದೆವು. ಶೋಭಕ್ಕ ಆಫೀಸಿನಲ್ಲಿ ನನಗಿಂತ ಹಿರಿಯಳು.

"ಬರ್ರಿ ಮೇಡಮ್ಮಾರ," ಎಂದಳು ಒಬ್ಬಾಕೆ. "ಎಮ್ಮಿಗೂ ಒಂದ ಮೆಸೇಜ್ ಹಾಕಬೇಕಿತ್ರಿ. ಅಷ್ಟ ಲಗೂ ಹಾಲ ಕೊಡಾಕ ಅದು ಒಲ್ಲೆ ಅಂತಿತ್ತು."

ವಾಪಸು ಬರುವಾಗ ಮೂಡಲಗಿಯಲ್ಲಿ ಶೋಭಕ್ಕನ ಮನೆಗೆ ಹೋದೆವು. ಅವಳ ಅವ್ವ ಚಹಾ ಕೊಟ್ಟರು. ಕುಡಿದೆ. ಆಮೇಲೆ ನನಗೆ ಎಚ್ಚರವಾದದ್ದು ಹಿತ್ತಲ ನಳದ ಮುಂದೆ. ಕಪ್ಪು ತೊಳೆದಾಗಿತ್ತು. ಅದನ್ನು ಒಳಗೆ ಒಯ್ಯದೆ, ಮನೆಯ ಉಳಿದ ಪಾತ್ರೆಗಳಿಂದ ದೂರ, ಮೆಟ್ಟಿಲ ಮೂಲೆಯಲ್ಲಿ ಬೋರಲು ಹಾಕುತ್ತಿದ್ದೆ.

"ಯವ್ವಾ, ಅಲ್ಲ್ಯಾಕ ಇಡಾಕತ್ತಿ?" ಅವ್ವ ಬಾಗಿಲಲ್ಲಿ ನಿಂತಿದ್ದರು.

"ರೂಢಿ ರಿ."

"ಇಕಿ ಆಫೀಸನ್ಯಾಗೂ ಹಂಗ ಅವ್ವಾ. ಬಾಯಿ ಒರಸೂದ್ರಾಗ ಕಪ್ಪ ಬೋರಲ!" ಒಳಗಿನಿಂದ ಶೋಭಕ್ಕ ನಕ್ಕಳು.

ಅವ್ವ ನಗಲಿಲ್ಲ. ಮೆಟ್ಟಿಲ ಮೂಲೆಯನ್ನೇ ನೋಡುತ್ತಿದ್ದರು. "ಯಾವೂರ ಅಂದಿ ತಂಗಿ?"

"ಬೆಲ್ಲದ ಬಾಗೇವಾಡಿ ರಿ. ಹುಕ್ಕೇರಿ ತಾಲೂಕು."

"ಅಲ್ಲೆ ಯಾರ ಪೈಕಿ?"

"ಬಸ್ಸಿಗಿ ತಡಾ ಆಗತೈತ್ರಿ," ಎಂದು ಚಪ್ಪಲಿ ಮೆಟ್ಟಿದೆ. ನಾವು ಬಂದದ್ದು ಶೋಭಕ್ಕನ ಸ್ಕೂಟಿಯ ಮೇಲೆ. ಸ್ಕೂಟಿ ಮುಂಬಾಗಿಲಲ್ಲೇ ನಿಂತಿತ್ತು. ಅದರ ಬಾಜೂದಿಂದಲೇ ಹಾದು, ಬಸ್ ಸ್ಟ್ಯಾಂಡಿನವರೆಗೆ ಒಬ್ಬಳೇ ನಡೆದೆ.

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಊರಿನ ದೊಡ್ಡ ಮನೆಯೊಂದರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಅವಳ ಚಹಾದ ಕಪ್ಪು ಆ ಮನೆಯ ಹೊರಗೋಡೆಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಶಾಲೆಯ ರಜೆಯಲ್ಲಿ ಜೊತೆಗೆ ಹೋದರೆ ನನಗೂ ಒಂದು. "ಲಗೂ ತೊಳದಿಡು," ಎನ್ನುತ್ತಿದ್ದಳು. "ಅವರು ತೊಳಿ ಅನ್ನೂದ್ರಾಗ ನಾವ ತೊಳದ್ರ, ಆ ಮಾತ ಅವರ ಬಾಯಾಗ ಉಳೀತೈತಿ." ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ. ಆಮೇಲೆ ಕಾಲೇಜು, ವಿಶ್ವವಿದ್ಯಾಲಯ, ಪಗಾರ. ಇಷ್ಟೆಲ್ಲ ಸೇರಿ ತಳದ್ದನ್ನು ಮುಚ್ಚಿಬಿಟ್ಟಿದೆ ಎಂದುಕೊಂಡಿದ್ದೆ. ಆದರೆ ಕುಡಿದ ಕಪ್ಪನ್ನು ಎಲ್ಲಿಡಬೇಕೆಂದು ಯಾರೂ ಮೇಲೆ ಬರೆದಿರಲಿಲ್ಲ.

ಮೊದಲು ಕಪ್ಪಿಗಾಗಿ ನಾಚಿದೆ. ಆಮೇಲೆ, ಆಯಿ ತನ್ನ ಮಾನ ಉಳಿಸಿಕೊಂಡ ಉಪಾಯಕ್ಕೆ ನಾಚಿಕೊಂಡೆನಲ್ಲ ಎಂದು ನಾಚಿದೆ. ಇಲ್ಲದ ಬಸ್ಸಿನ ನೆಪ ಹೇಳಿ ಎದ್ದುಬಂದ ನಾಚಿಕೆ ಮಾತ್ರ ದಿನವೂ ಹೊಸದಾಗಿರುತ್ತದೆ.

ಇಂದು ಬೇಸಿನ್ನಿನಿಂದ ಬಂದವಳೇ ಪ್ರೋಗ್ರಾಮಿನೊಳಗಿನ ಸಂಜೆಯ ಸಮಯವನ್ನು ಅಳಿಸಿದೆ. ಮೇಲಿನಿಂದ ಸಮಯ ಬರದಿದ್ದರೆ ಈಗ ಅದು ನಿಂತು, ಏನು ಬೇಕೆಂದು ಕೇಳುತ್ತದೆ. ಶೋಭಕ್ಕ ಕುಲಗೋಡದ ಹಳೆಯ ಫೈಲು ಕೊಟ್ಟು ಓಡಿಸಿ ನೋಡಿದಳು.

"ಯಾಕ ನಿಂತೈತಿ ಇದು?"

"ಸಂಜಿ ಟೈಮ್ ಯಾರೂ ಹೇಳಿಲ್ಲಕ್ಕಾ. ಅದಕ್ಕ ಕೇಳಾಕತ್ತೈತಿ."

"ಮೊದಲ ಹೆಂಗೋ ನಡೀತಿತ್ತಲ್ಲ."

"ಹೆಂಗೋ ನಡೀತಿತ್ತು," ಎಂದೆ. ಪರದೆಯಿಂದ ಕಣ್ಣು ತೆಗೆಯದೆಯೇ ಉಳಿದದ್ದನ್ನೂ ಹೇಳಿದೆ: "ಅಕ್ಕಾ, ನಿಮ್ಮವ್ವಾರು ಕೇಳಿದ್ರಲ್ಲ, ಯಾರ ಪೈಕಿ ಅಂತ. ನಾವು ಬೌದ್ಧರು. ಅವರಿಗಿ ಹೇಳ್ರಿ."

"ನಾ ಯಾಕ ಹೇಳ್ಲಿ? ಬಂದು ನೀನ ಹೇಳು," ಎಂದಳು ಶೋಭಕ್ಕ. "ಆ ಕಪ್ಪ ಅವತ್ತ ಅವ್ವ ಒಳಗ ತಂದು ನಮ್ಮ ಕಪ್ಪುಗಳ ಜೋಡಿ ಇಟ್ಟಾಳ. 'ಅಕಿಗಿ ಬಸ್ ಸಿಕ್ಕತೇನ' ಅಂತ ದಿನಾ ನನ್ನ ಜೀವಾ ತಿಂತಾಳ."

ಮಧ್ಯಾಹ್ನದ ಚಹಾ ಬಂತು, ಕುಡಿದೆ. ಕಪ್ಪು ಈಗಲೂ ಮೇಜಿನ ಮೇಲಿದೆ, ಬಾಯಿ ಮೇಲಾಗಿ. ತಳದಲ್ಲಿ ಕೆನೆ ಒಣಗುತ್ತಿದೆ. ಕೈ ಅತ್ತ ಹೋಗುತ್ತದೆ. ಕೈಯನ್ನು ಕರೆದು ತಂದು ಕೀಬೋರ್ಡಿನ ಮೇಲೆ ಇಡುತ್ತೇನೆ. ಒಂದು ನೊಣ ಬಂದು ಅಂಚಿನ ಮೇಲೆ ಕೂತಿದೆ. ನೊಣವನ್ನು ಓಡಿಸುತ್ತೇನೆ, ಕಪ್ಪು ಎತ್ತುವುದಿಲ್ಲ.