ಕ್ರೂಸ್ ಕಂಟ್ರೋಲೂ ಕಾಕಾನ ಬೂಟೂ

ಹಾಲು ತಂದರೆ ಎರಡು ಸಲ ಮೂಸಿ ನೋಡುವವಳು ನಾನು. ಯಜಮಾನರು ತೀರಿಕೊಂಡ ಮೇಲೆ ನಾರಾಯಣಗೂಡದ ಬೇಳೆ ಅಂಗಡಿ, ಒಂದು ಆರು ಗಾಲಿಯ ಲಾರಿ ನನ್ನ ಪಾಲಿಗೆ ಬಂದವು; ಸಂಶಯ ಮಾತ್ರ ಹುಟ್ಟಿನಿಂದಲೇ ಇತ್ತು. ನಮ್ಮ ಡ್ರೈವರ್ ಕಾಕಾ ಹದಿನೆಂಟು ವರ್ಷದಿಂದ ಕಲಬುರಗಿಯ ತೊಗರಿಬೇಳೆಯನ್ನು ಹೈದರಾಬಾದಿಗೆ ತರುತ್ತಿದ್ದರು. ಕ್ಯಾಬಿನ್ನಿಗೆ ಒಂದು ಫ್ಯಾನನ್ನೂ ಕೇಳಿದವರಲ್ಲ. ಅಂಥವರು ಒಂದು ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಬಳಿ ನಿಂತು, "ಅಕ್ಕೋರೆ, ನಮ್ಮ ಗಾಡಿಗೆ ಕ್ರೂಸ್ ಕಂಟ್ರೋಲ್ ಹಾಕಸ್ರಿ" ಅಂದಾಗ ನನ್ನ ಕಿವಿ ನೆಟ್ಟಗಾದವು.

"ಅದೇನ್ರಿ ಕಾಕಾ?"

"ಒಮ್ಮೆ ಸ್ಪೀಡ್ ಹಚ್ಚಿ ಬಿಟ್ರ ಆತ್ರಿ, ಎಕ್ಸಲೇಟರ್ ಮ್ಯಾಲಿಂದ ಕಾಲ ತೆಗದ್ರೂ ಗಾಡಿ ಅಷ್ಟ ಸ್ಪೀಡಿನಾಗ ಹೊಂಟಿರ್ತೈತಿ. ಹೊಸಾ ಗಾಡಿಗೋಳಿಗೆ ಕಂಪನಿಯಿಂದನ ಬರ್ತೈತಿ. ನಮ್ಮದಕ್ಕಿಲ್ಲ."

"ಕಾಲ ತೆಗದು ಏನ್ ಮಾಡಾವ್ರು ನೀವು?"

ಕಾಕಾ ನೆಲ ನೋಡಿದರು. ನನಗೆ ಅಷ್ಟೇ ಸಾಕಾಯಿತು. ವಯಸ್ಸಾಗಿದೆ, ತೂಕಡಿಕೆ ಬರುತ್ತಿದೆ, ಕಾಲು ಚಾಚಿ ನಿದ್ದೆ ತೆಗೆಯುವ ಹುನ್ನಾರ ಎಂದುಕೊಂಡೆ. ಅದು ನಿಜವಾದರೆ ಅವರ ಕೈಯಿಂದ ಕೀಲಿ ಇಸಿದುಕೊಳ್ಳಲೇಬೇಕು. ಹೈವೇಯಲ್ಲಿ ಯಾರದೋ ಮನೆ ಹಾಳಾದ ಮೇಲೆ ಹಳೆಯ ಋಣ ಅನ್ನಲು ಬರುವುದಿಲ್ಲ. ಆದರೆ ಸ್ಟೀರಿಂಗ್ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಲೋಕವೇ ಇರಲಿಲ್ಲ. ವಾರವಿಡೀ ಇದೇ ತಲೆ ತಿಂದಿತು.

ಅಷ್ಟರಲ್ಲಿ ಬೂಟು ಕಣ್ಣಿಗೆ ಬಿತ್ತು. ನಮ್ಮ ಲಾರಿಯ ಕ್ಯಾಬಿನ್ನಿಗೆ ಯಾರೂ ಚಪ್ಪಲಿ ಮೆಟ್ಟಿ ಹತ್ತುವಂತಿಲ್ಲ. ಸ್ಟೀರಿಂಗ್ ಮುಂದೆ ದೇವರ ಫೋಟೋ ಇದೆ, ದಿನಾ ಊದುಬತ್ತಿ ಹಚ್ಚುತ್ತಾರೆ. ಈ ಕಟ್ಟಳೆ ಮಾಡಿದವರೇ ಕಾಕಾ. ಅವರು ಲಾರಿ ಓಡಿಸುತ್ತಿದ್ದುದೇ ಬರಿಗಾಲಲ್ಲಿ. ಒಮ್ಮೆ ನನ್ನ ಯಜಮಾನರನ್ನೇ ಕೆಳಗಿಳಿಸಿ ಚಪ್ಪಲಿ ಬಿಡಿಸಿದ್ದರು. ಈಗ ಅದೇ ಕಾಕಾ ದಪ್ಪ ಅಟ್ಟೆಯ ಕರಿ ಬೂಟು ಹಾಕಿಕೊಂಡು ಧಿಮಾಕಿನಿಂದ ಹತ್ತುತ್ತಿದ್ದರು. ಕೇಳಿದರೆ, "ಕಾಲಿಗೆ ಥಂಡಿ ಹತ್ತೈತ್ರಿ" ಅಂದರು. ಹೈದರಾಬಾದಿನ ಏಪ್ರಿಲ್‌ನಲ್ಲಿ ಥಂಡಿಯಂತೆ! ನನ್ನನ್ನೇನು ಹುಚ್ಚಿ ಅಂದುಕೊಂಡಿದ್ದಾರೋ ಎಂದು ಸಿಟ್ಟು ನೆತ್ತಿಗೇರಿತು.

ಬೇಡ ಅನ್ನಲಿಲ್ಲ. ಹಾಕಿಸಿಯೇ ಕಳ್ಳಾಟ ಹಿಡಿಯೋಣ ಎಂದು ನಾನೇ ಉಪ್ಪಲ್‌ನ ವರ್ಕ್‌ಶಾಪಿಗೆ ಹೋಗಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕುಳಿತೆ. ಮೆಕ್ಯಾನಿಕ್ ಡ್ರೈವರ್ ಕಾಲಡಿಯ ರಬ್ಬರ್ ಮ್ಯಾಟ್ ಕಿತ್ತು, ಎಕ್ಸಲೇಟರಿನಿಂದ ಬರುವ ವಯರಿನ ನಡುವೆ ಬೆಂಕಿಪೆಟ್ಟಿಗೆಯಷ್ಟು ಒಂದು ಡಬ್ಬಿ ಕೂಡಿಸಿದ. ಅದರಿಂದ ಬ್ರೇಕಿಗೊಂದು, ಕ್ಲಚ್ಚಿಗೊಂದು ವಯರ್ ಎಳೆದು, ಸ್ಟೀರಿಂಗ್ ಪಕ್ಕ ಗುಂಡಿ ಹಚ್ಚಿದ. ಬ್ರೇಕ್ ಮುಟ್ಟಿದರೆ ಹಿಡಿದ ಸ್ಪೀಡು ತಾನೇ ಬಿಟ್ಟುಕೊಳ್ಳುತ್ತದೆ ಅಂದ. ನಾನು ನಂಬಲಿಲ್ಲ, ರಿಂಗ್ ರೋಡಿಗೆ ಒಯ್ದು ಆರು ಸಲ ಮಾಡಿಸಿ ನೋಡಿದೆ. "ಫಿಕರ್ ನಕ್ಕೊ ಕರೊ ಅಮ್ಮಾ", ಚಿಂತೆ ಬಿಡಿ ಎಂದು ಅವನು ನಕ್ಕ. ಕೊನೆಗೆ ಮ್ಯಾಟ್ ಹಾಸಲು ಹೋದಾಗ ತಡೆದೆ. ಮೊದಲ ಟ್ರಿಪ್ ಮುಗಿಯುವ ತನಕ ವಯರೆಲ್ಲ ನನ್ನ ಕಣ್ಣಿಗೆ ಕಾಣುತ್ತಿರಲಿ, ಏನು ಮುಚ್ಚಿಟ್ಟಿದ್ದಾನೋ ಯಾರಿಗೆ ಗೊತ್ತು ಅನ್ನಿಸಿತ್ತು.

ಮರುದಿನ ಕಲಬುರಗಿಗೆ ಹೊರಟ ಖಾಲಿ ಲಾರಿಯಲ್ಲಿ, ದಾರಿಯ ಜಹೀರಾಬಾದ್ ತನಕ ನಾನೂ ಬರುತ್ತೇನೆ ಅಂದೆ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತಿ ಕುಳಿತೆ. ಕಾಕಾ ಬೂಟಿನಲ್ಲೇ ಹತ್ತಿದರು.

"ಕಾಕಾ, ದೇವರ ಮುಂದ ಬೂಟೇನ್ರಿ? ನೀವ ಮಾಡಿದ ರೂಲ್ ಅದು."

"ಇರ್ಲಿ ಬಿಡ್ರಿ ಅಕ್ಕೋರೆ."

"ಬಿಚ್ಚಿದ್ರನ ಗಾಡಿ ಹೊಂಡೂದು."

ಅವರು ನನ್ನ ಮುಖ ನೋಡಿದರು, ಫೋಟೋ ನೋಡಿದರು. ಬೂಟು ಬಿಚ್ಚಿ ಸೀಟಿನ ಹಿಂದಿಟ್ಟರು.

ಸಂಗಾರೆಡ್ಡಿ ದಾಟಿದ ಮೇಲೆ ಐವತ್ತೈದಕ್ಕೆ ಗುಂಡಿ ಒತ್ತಿದರು. ಎಕ್ಸಲೇಟರಿನಿಂದ ಬಲಗಾಲು ತೆಗೆದು, ಪಕ್ಕದಲ್ಲೇ ಕೆಳಗೆ ಊರಿದರು. ಲಾರಿ ನೀರಿನ ಹಾಗೆ ಹೋಯಿತು. ನಾನು ಅವರ ಕಣ್ಣುಗಳನ್ನೇ ಕಾಯುತ್ತಿದ್ದೆ. ರೆಪ್ಪೆ ಒಂದಿಷ್ಟೂ ಜೋಲಲಿಲ್ಲ. ಮಧ್ಯಾಹ್ನದ ಬಿಸಿಲು, ಕೆಳಗೆ ಇಂಜಿನ್. ನನ್ನ ಕಾಲಡಿಯ ಮ್ಯಾಟೇ ಸುಡತೊಡಗಿದಾಗ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿದೆ. ಅವರ ಕಾಲು ಮಾತ್ರ ಬರಿ ತಗಡಿನ ಮೇಲೆ ಇಟ್ಟಲ್ಲೇ ಇತ್ತು. ಹಟಮಾರಿ ಮುದುಕ, ಬೂಟು ಬಿಚ್ಚಿಸಿದ ಸಿಟ್ಟು ನನಗೆ ತೋರಿಸುತ್ತಿದ್ದಾನೆ ಎಂದುಕೊಂಡೆ.

ಜಹೀರಾಬಾದಿನಲ್ಲಿ ಚಹಾದಂಗಡಿಯ ಮುಂದೆ ನಿಲ್ಲಿಸಿದರು. ನಾನಿನ್ನೂ ಇಳಿದು ಚಪ್ಪಲಿ ಮೆಟ್ಟುತ್ತಿದ್ದೆ; ಅವರು ಬರಿಗಾಲಲ್ಲೇ ಮುಂದೆ ನಡೆದರು. ನಡಿಗೆ ಎಂದಿನಂತೆಯೇ ಇತ್ತು. ಸಿಮೆಂಟು ನೆಲದ ಮೇಲೆ ಎರಡು ಹೆಜ್ಜೆಗೊಂದು ಒದ್ದೆ ಗುರುತು ಬೀಳುತ್ತಿತ್ತು.

"ಕಾಕಾ, ನಿಂದರ್ರಿ!"

ಬೆಂಚಿನ ಮೇಲೆ ಕೂರಿಸಿ ಬಲಗಾಲು ಎತ್ತಿ ನೋಡಿದೆ. ಅಂಗಾಲ ತುಂಬ ಬೊಬ್ಬೆ ಎದ್ದು ಒಡೆದಿತ್ತು. ಕಾಕಾ ಬಗ್ಗಿ, ಬೇರೆ ಯಾರದೋ ಕಾಲು ನೋಡಿದಂತೆ ನೋಡಿದರು.

"ಇದು ಯಾವಾಗ ಆತ್ರಿ ಅಕ್ಕೋರೆ?" ಎಂದು ನನ್ನನ್ನೇ ಕೇಳಿದರು.

ಆಮೇಲೆ ಒಂದೊಂದಾಗಿ ಹೇಳಿದರು. ಸಕ್ಕರೆ ಕಾಯಿಲೆ. ಒಂದು ವರ್ಷದಿಂದ ಆ ಕಾಲಿಗೆ ಬಿಸಿ, ನೋವು ಏನೂ ತಿಳಿಯುತ್ತಿರಲಿಲ್ಲ. ಬರಿಗಾಲಲ್ಲಿ ಇರಲೇಬೇಡ ಎಂದು ಡಾಕ್ಟರು ಬೂಟು ಹಾಕಿಸಿದ್ದರು. "ಎಕ್ಸಲೇಟರ್ ಎಷ್ಟ ಒತ್ತೀನಿ ಅಂತ ಸ್ಪೀಡಿನ ಮುಳ್ಳ ನೋಡೇ ತಿಳ್ಕೋತಿದ್ನಿರಿ. ಅದಕ್ಕ ಇದನ್ನ ಹಾಕಸ್ರಿ ಅಂದೆ. ಖರೇ ಹೇಳಿದ್ರ ನೀವು ಕೀಲಿ ಕಸ್ಕೋತಿದ್ರಿ."

ಹೌದು, ಕಸಿದುಕೊಳ್ಳುತ್ತಿದ್ದೆ. ಆದರೆ ಹಾಗಾಗಿದ್ದರೆ ಆ ಕಾಲು ಸುಡುತ್ತಿರಲಿಲ್ಲ. ಮ್ಯಾಟ್ ಹಾಸಗೊಡದವಳು ನಾನು, ಬೂಟು ಬಿಚ್ಚಿಸಿದವಳೂ ನಾನು. ವಯರಿನಿಂದ ರೆಪ್ಪೆಯ ತನಕ ಎಲ್ಲದರ ಮೇಲೂ ಕಣ್ಣಿಟ್ಟವಳು, ಕಾಲಿಗೇನಾಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬಾಟಲಿಯ ನೀರು ಸುರಿದು ನನ್ನ ಕರ್ಚೀಫು ಸುತ್ತಿದೆ. ಬೂಟು ತರಲು ಓಡಿದೆ. ಹತ್ತಿ ಸೀಟಿನ ಹಿಂದೆ ಕೈ ಹಾಕಿದ ಮೇಲೆಯೇ ಗೊತ್ತಾದದ್ದು, ನಾನು ಚಪ್ಪಲಿ ಮೆಟ್ಟಿಕೊಂಡೇ ಕ್ಯಾಬಿನ್ ಹತ್ತಿದ್ದೆ. ಕೆಳಗಿನಿಂದ ಕಾಕಾ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದರು. ಬೂಟು ತಂದು ಮುಂದಿಟ್ಟಾಗ ಅವರೇ ಅಂಗಿಯ ಕಿಸೆಯಿಂದ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟರು. ನಾನು ಬೇಡ ಅನ್ನಲಿಲ್ಲ.