ಮೊಹರಿಲ್ಲದ ಹುಕುಂ

ಚಿತ್ತಾಪುರದಲ್ಲಿ ಡಂಗುರ ಸಾರುತ್ತಿದ್ದ ಸಂಗಣ್ಣನನ್ನು ಅವನು ಹುಟ್ಟಿದಾಗಿನಿಂದ ಊರು ಸಂಗ್ಯಾ ಎಂದೇ ಕರೆಯುತ್ತಿತ್ತು. ತಹಸೀಲ ಕಚೇರಿಯಿಂದ ಹುಕುಂ ಬಂದರೆ ಅವನು ಹಲಗೆಯನ್ನು ಕೊರಳಿಗೆ ಹಾಕಿಕೊಂಡು ಓಣಿ ಓಣಿ ತಿರುಗಬೇಕು. ಓದು ಬರುತ್ತಿರಲಿಲ್ಲ. ಗುಮಾಸ್ತ ಉರ್ದುವಿನಲ್ಲಿ ಓದಿದ್ದನ್ನು ಕನ್ನಡ ಮಾಡಿಕೊಂಡು ಕೂಗುತ್ತಿದ್ದ. ಕೂಗುವ ಮೊದಲು ಒಂದು ಮಾತು ಮಾತ್ರ ತಪ್ಪದೆ ಕೇಳುತ್ತಿದ್ದ: "ಮೊಹರು ಎಲ್ಲದರಿ?" ಕಾಗದದ ಕೆಳಗಿನ ದುಂಡನೆಯ ಗುರುತನ್ನು ಕಣ್ಣಾರೆ ಕಂಡ ಮೇಲೆಯೇ ಹಲಗೆಗೆ ಕೋಲು ಮುಟ್ಟಿಸುತ್ತಿದ್ದ. ಅಪ್ಪ ಕಲಿಸಿದ ಬುದ್ಧಿ ಅದು. ಯಾರೋ ದೊಡ್ಡವರ ಮಾತು ನಂಬಿ ಸುಳ್ಳು ಸಾರಿ, ಆ ಅಪ್ಪ ಕಚೇರಿಯ ಅಂಗಳದಲ್ಲಿ ಛಡಿ ಏಟು ತಿಂದಿದ್ದ.

ಹಾಗೆಂದು ಹುಕುಮುಗಳ ಮೇಲೆ ಅವನಿಗೆ ಗೌರವವೇನೂ ಇರಲಿಲ್ಲ. ಮಸೀದಿಯ ಮುಂದೆ ಬಾಜಾ ಬಾರಿಸಬಾರದು, ಅಪ್ಪಣೆಯಿಲ್ಲದೆ ಸಭೆ ಸೇರಬಾರದು, ಗುಡಿಯ ಗೋಡೆ ಬಿದ್ದರೂ ಕೇಳದೆ ಕಟ್ಟಬಾರದು. ನಿಜಾಮರ ಸರಕಾರದ ಇಂಥವನ್ನೆಲ್ಲ ಅವನೇ ಸಾರಿದ್ದ. "ಹತ್ತರಾಗ ಒಂಬತ್ತು ಮಂದಿ ನಾವು. ನಮ್ಮ ಗುಡಿ ಕಟ್ಟಲಿಕ್ಕ ನಮಗ ಅಪ್ಪಣಿ ಬೇಕಾ" ಎಂದು ಬಟ್ಟೆ ಅಂಗಡಿಯ ಕಲ್ಯಾಣಪ್ಪ ಸಾಹುಕಾರ ಗೊಣಗುತ್ತಿದ್ದ. ಗೊಣಗಿ ಮುಗಿದ ಮೇಲೆ ನಿಜಾಮರ ಮಂದಿ ಹಾಕುವ ಕೆಂಪು ರೂಮಿ ಟೋಪಿ ಸರಿ ಮಾಡಿಕೊಂಡು ಪೊಲೀಸ್ ಅಮೀನ ಸಾಹೇಬರಿಗೆ ಸಲಾಮು ಹೊಡೆಯಲು ಹೋಗುತ್ತಿದ್ದ. ಸಂಗಣ್ಣನಿಗೆ ಒಳಗೊಳಗೇ ನಗು. ಆ ಗುಡಿಯ ಗೋಡೆ ಎದ್ದರೂ ಬಿದ್ದರೂ ಅವನು ನಿಲ್ಲುವುದು ಹೊರಗೇ. ಆ ಒಂಬತ್ತು ಮಂದಿಯಲ್ಲಿ ತಾನೂ ಒಬ್ಬನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಲವತ್ತೆಂಟರ ಬೇಸಿಗೆಯಲ್ಲಿ ನಿಜಾಮರ ಪರವಾಗಿ ಕತ್ತಿ ಹಿಡಿದ ರಜಾಕಾರರು ಬಂದರು. ಅವರ ಮುಂದಾಳು ಜಿಲಾನಿ, ಕಟ್ಟಿಗೆ ಗುತ್ತಿಗೆದಾರನ ಮಗ. ಮೈಮೇಲೆ ಖಾಕಿ, ಸೊಂಟದಲ್ಲಿ ಕತ್ತಿ. ಅವನು ಸಂಗಣ್ಣನ ಹೆಗಲ ಮೇಲೆ ಕೈ ಹಾಕಿದ. ಊರಿನ ಯಾವ ಜಾತಿವಂತನೂ ಅಲ್ಲಿ ಕೈ ಇಟ್ಟಿರಲಿಲ್ಲ.

"ನೀ ಹಿಂದೂ ಅಲ್ಲ ಭಾಯಿ. ಅವರು ನಿನಗ ಬಾವಿ ಮುಟ್ಟಗೊಡಂಗಿಲ್ಲ. ನೀ ನಮ್ಮಾಂವ. ಹೋಗು, ಸಾರು. ಗಾಂಧಿ ಟೋಪಿ ಹಾಕ್ಕೊಂಡು ಹೊರಗ ಬಂದವ್ರು ತಿರುಗಿ ಮನಿಗೆ ನೆಟ್ಟಗ ಹೋಗಂಗಿಲ್ಲ ಅಂತ."

"ಮೊಹರು ಎಲ್ಲದರಿ?"

ಜಿಲಾನಿ ಕತ್ತಿಯ ತುದಿಯನ್ನು ಅವನ ಗಂಟಲಿಗೆ ತಂದಿಟ್ಟ. "ಇದೇ ಮೊಹರು."

ಸಂಗಣ್ಣ ಸಾರಿದ. ಯಾವ ಓಣಿಯನ್ನೂ ಬಿಡದೆ ಸಾರಿದ. ಮರುದಿನ ಶಾಲೆಯ ಗುರುಲಿಂಗಯ್ಯ ಮಾಸ್ತರರು ದಿನದಂತೆ ಬಿಳಿ ಟೋಪಿಯಲ್ಲಿ ಹೊರಟರು, ಬಲಗೈ ಮುರಿಸಿಕೊಂಡು ಮನೆ ಸೇರಿದರು. ಭಾಯಿ ಎಂದ ಆ ಬಾಯಿಗಿಂತ ತನ್ನ ಗಂಟಲಿನ ಮೇಲೆಯೇ ಸಂಗಣ್ಣನಿಗೆ ಹೆಚ್ಚು ಹೇಸಿಕೆಯಾಯಿತು.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಒಳಗೆ ಬಂತು. ಐದು ದಿನಕ್ಕೆ ನಿಜಾಮರ ಆಳಿಕೆ ಮುಗಿಯಿತು. ಜಿಲಾನಿ ಓಡಿಹೋದ. ಕಲ್ಯಾಣಪ್ಪನ ರೂಮಿ ಟೋಪಿ ಒಲೆಗೆ ಹೋಗಿ ಗಾಂಧಿ ಟೋಪಿ ತಲೆಗೆ ಬಂತು. ಅದು ಇನ್ನೂ ಅಂಗಡಿಯ ಮಡಿಕೆ ಬಿಡದ ಹೊಸ ಟೋಪಿ. ವಾರದೊಳಗೆ ಅವನು ಊರಿನ ಕಮಿಟಿಗೆ ಅಧ್ಯಕ್ಷ. ಆರಿಸಿದವರು ಯಾರೆಂದು ಯಾರೂ ಕೇಳಲಿಲ್ಲ. ಅವನು ಡಂಗುರದವನಿಗೆ ಹೇಳಿಕಳಿಸಿದ.

"ಬಾ ಸಂಗಣ್ಣ, ಕುಂದ್ರು."

ಆ ಬಾಯಲ್ಲಿ ಅವನ ಹೆಸರು ಪೂರ್ತಿಯಾಗಿ ಬಂದದ್ದು ಅದೇ ಮೊದಲು. ಕೂಡಲು ತೋರಿಸಿದ ಜಾಗ ಮಾತ್ರ ಕಟ್ಟೆಯ ಕೆಳಗಿನ ಮಣ್ಣು.

"ಸಾಬರೆಲ್ಲ ಶುಕ್ರವಾರದೊಳಗ ಊರು ಬಿಡಬೇಕಂತ ಸಾರು. ಮಾಸ್ತರರ ಕೈ ಮುರದಾರ, ಮರತೀಯೇನು?"

"ಮುರದಾಂವ ಓಡಿಹೋದನಲ್ರಿ. ಈಗ ಉಳದವ್ರು ಮಜೀದಸಾಬನಂಥವ್ರು. ನಿಮ್ಮ ಮನಿ ಹಂಡೆಕ್ಕ ಕಲಾಯಿ ಹಾಕೋದು ಬಿಟ್ಟರ ಅಂವ ಏನು ಮಾಡ್ಯಾನ್ರಿ?"

"ಇನ್ನ ಮ್ಯಾಲ ರಾಜ್ಯ ನಮ್ದು. ಹತ್ತರಾಗ ಒಂಬತ್ತು ಮಂದಿ ನಾವು. ನೀನೂ ನಮ್ಮಾಂವ."

"ಹಂಗಾದರ ಸಾಹುಕಾರ್ರ, ಇವತ್ತ ಗುಡಿ ಬಾವ್ಯಾಗ ಒಂದು ಕೊಡ ನೀರು ಸೇದಲೇನ್ರಿ?"

"ಅದು ಬ್ಯಾರೆ ಮಾತು," ಎಂದ ಕಲ್ಯಾಣಪ್ಪ.

"ಹುಕುಮಿಗೆ ಮೊಹರು ಎಲ್ಲದರಿ?"

"ನಾವು ಹೇಳಿದ್ದೇ ಮೊಹರು."

ಸಂಗಣ್ಣ ಎದ್ದು ನೇರ ಮಾಸ್ತರರ ಮನೆಗೆ ಹೋದ. ಅವರ ಕೈ ನೆಟ್ಟಗೆ ಕೂಡಿರಲಿಲ್ಲ, ಎಡಗೈಯಲ್ಲಿ ಅಕ್ಷರ ಬರೆಯಲು ಕಲಿಯುತ್ತಿದ್ದರು. ಅವನು ಹೊಸ್ತಿಲ ಹೊರಗೇ ನಿಂತು ಹೇಳಿದ: "ಬ್ಯಾಸಗ್ಯಾಗ ನಿಮ್ಮ ಮ್ಯಾಲ ಸಾರಿದಾಂವ ನಾನೇರಿ. ಈಗ ನಿಮ್ಮ ಕೈ ತೋರಿಸಿ ಮಜೀದಸಾಬಗ ಓಡಸ್ಲಿಕತ್ತಾರ."

ಮಾಸ್ತರರು ಎದ್ದು ಕೋಟು ಹುಡುಕಿದರು. "ನನ್ನ ಕೈ ನಾ ಯಾವ ಕಮಿಟಿಗೂ ಬರದು ಕೊಟ್ಟಿಲ್ಲ. ನಡಿ, ನಿನ್ನ ಸಂಗಡ ನಾನೂ ಬರ್ತೀನಿ."

ಅಂದು ನಡುಹಗಲಲ್ಲಿ ಹಲಗೆಯ ಸದ್ದು ಬಜಾರಿನ ಉದ್ದಕ್ಕೂ ಹೋಯಿತು. "ಕೇಳ್ರಿ, ಎಲ್ಲಾರೂ ಕೇಳ್ರಿ. ಊರು ಬಿಡಬೇಕಂತ ಯಾವ ಹುಕುಮೂ ಬಂದಿಲ್ಲ. ಬಿಡ್ರಿ ಅಂದವ್ರು ಸರಕಾರ ಅಲ್ಲ, ಬಟ್ಟಿ ಅಂಗಡಿಯವ್ರು."

ನಾಲ್ಕನೆಯ ಓಣಿ ದಾಟಲು ಅವನನ್ನು ಬಿಡಲಿಲ್ಲ. ಕಮಿಟಿಯವರು ಹಲಗೆಯ ಚರ್ಮ ಹರಿದರು, ಕಲ್ಲಿನಿಂದ ತಲೆ ಒಡೆದರು. ಮಾಸ್ತರರನ್ನು ಹೊಡೆಯಲು ಮಾತ್ರ ಯಾರ ಕೈಯೂ ಏಳಲಿಲ್ಲ. ಅವರ ಹೆಸರಿನಲ್ಲೇ ಅಲ್ಲವೇ ಇಷ್ಟೆಲ್ಲ ನಡೆದದ್ದು. ಅವರು ಹೋಗಿ ಮಜೀದಸಾಬನ ಬಾಗಿಲಲ್ಲಿ ಕುಳಿತರು. ಮಜೀದಸಾಬನ ಹೆಂಡತಿ ರಶೀದಾಬೇಗಂ ಸಂಗಣ್ಣನನ್ನು ಒಳಗೆ ಕರೆದು ತಲೆಗೆ ಬಟ್ಟೆ ಕಟ್ಟಿದಳು.

ಪಕ್ಕದ ಮನೆಯ ಖಾಜಾಮಿಯಾ ಮಾಸ್ತರರನ್ನೂ ಸಂಗಣ್ಣನನ್ನೂ ನಂಬಲಿಲ್ಲ. ಮನೆ ಮಂದಿಯನ್ನು ಕಟ್ಟಿಕೊಂಡು ವಾಡಿ ಸ್ಟೇಶನ್ನಿನ ದಾರಿ ಹಿಡಿದ, ಮತ್ತೆ ಬರಲಿಲ್ಲ. ಮಜೀದಸಾಬ ಉಳಿದ. ಶುಕ್ರವಾರಕ್ಕೆ ಮೊದಲೇ ಫೌಜಿನ ಒಂದು ತುಕಡಿ ಊರಿಗೆ ಬಂದದ್ದರಿಂದ ಮನೆಗಳಿಗೆ ಬೆಂಕಿ ಬೀಳಲಿಲ್ಲ. ಫೌಜಿನ ಸಾಹೇಬರಿಗೆ ಮೊದಲ ಹಾರ ಹಾಕಿದವನು ಕಲ್ಯಾಣಪ್ಪ. ನಮ್ಮ ಊರಿನಲ್ಲಿ ಹಿಂದೂ ಮುಸಲ್ಮಾನರು ಅಣ್ಣತಮ್ಮಂದಿರ ಹಾಗೆ ಇದ್ದಾರೆಂದು ಭಾಷಣವನ್ನೂ ಮಾಡಿದ.

ಡಂಗುರದ ಕೆಲಸ ಬೇರೊಬ್ಬನ ಪಾಲಾಯಿತು. ಸಂಗಣ್ಣ ಶಹಾಬಾದಿಗೆ ಹೋಗಿ ನೆಲಕ್ಕೆ ಹಾಸುವ ಪರಸಿಕಲ್ಲಿನ ಖಣಿಯಲ್ಲಿ ದುಡಿಯತೊಡಗಿದ. ಚಳಿಗಾಲದಲ್ಲಿ ಮಾಸ್ತರರು ಅಲ್ಲಿಗೆ ಬಂದು ಮಾತಾಡಿಸಿದರು. ದಿಲ್ಲಿಯಲ್ಲಿ ಹೊಸ ಕಾಯದೆ ಬರೆಯುತ್ತಿದ್ದಾರೆ, ಇನ್ನು ಮುಂದೆ ಪ್ರತಿಯೊಬ್ಬರಿಗೂ ಒಂದೊಂದು ಓಟು ಎಂದರು.

"ಮಜೀದಸಾಬಗೂ ಒಂದೇನ್ರಿ?"

"ಹೌದು."

"ನನಗ?"

"ಒಂದು."

"ಕಲ್ಯಾಣಪ್ಪ ಸಾಹುಕಾರ್ರಿಗೆ?"

"ಅವರಿಗೂ ಒಂದೇ."

"ಅದು ಅವರಿಗೆ ಯಾರಾದರೂ ಹೇಳ್ಯಾರೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಂಗಣ್ಣ ಉಳಿ ತೆಗೆದುಕೊಂಡು ಕಲ್ಲಿನ ಮುಂದೆ ಕುಳಿತ.