ಬರಿಗಾಲಲ್ಲಿ ಸಿಯೆನಾ

ಅಮೆರಿಕದ ಸ್ನೊಕ್ವಾಲ್ಮಿ ರಿಜ್ಜಿನ ಕನ್ನಡದವರಲ್ಲಿ ಜಾನಕಿ ಎಂದರೆ ಹಿಂದೆ ಉಳಿಯುವವಳು. ನಾಲ್ಕು ಸಂಸಾರ ಸೇರಿ ಎರಡು ವ್ಯಾನು ಮಾಡಿಕೊಂಡು ಎಲ್ಲಿಗಾದರೂ ಹೊರಟರೆ, ಊಟದ ಹೊತ್ತಿಗೆ ಒಂದು ತಲೆ ಕಡಿಮೆ ಬೀಳುತ್ತಿತ್ತು. ಅದು ಜಾನಕಿಯದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಯಾವುದೋ ಚಿತ್ರದ ಮುಂದೆಯೋ, ಹಳೇ ಬಾಗಿಲಿನ ಕೆತ್ತನೆಯ ಮುಂದೆಯೋ ನಿಂತುಬಿಟ್ಟಿರುತ್ತಿದ್ದಳು. ಗಂಡ ದ್ವಾರಕಾನಾಥ ವಾಪಸು ಹೋಗಿ, "ಫೋಟೋ ತೆಗೆದಾಯ್ತಲ್ಲ, ಇನ್ನೇನು? ನಡಿ ನಡಿ" ಎಂದು ಕರೆತರಬೇಕಾಗಿತ್ತು.

ದ್ವಾರಕಾನಾಥ ಕೆಟ್ಟವನೇನಲ್ಲ. ಆದರೆ ಆಫೀಸಿನಲ್ಲಿ ಪ್ರಾಜೆಕ್ಟು ನಡೆಸುವವನಿಗೆ ಪ್ರವಾಸವೂ ಪ್ರಾಜೆಕ್ಟೇ. ಎಲ್ಲಿ ಪಾರ್ಕಿಂಗು, ಎಲ್ಲಿ ವೆಜ್ ಊಟ, ಎಲ್ಲಿ ಬಾತ್‌ರೂಮು, ಎಲ್ಲಕ್ಕೂ ಅವನ ಬಳಿ ಎಕ್ಸೆಲ್ ಶೀಟು. ಅವನನ್ನು ನಂಬಿ ಹೊರಟವರು ಒಂದು ದಿನವೂ ಉಪವಾಸ ಬಿದ್ದದ್ದಿಲ್ಲ, ಹಾಗೆಯೇ ಏನನ್ನೂ ಕಣ್ತುಂಬ ನೋಡಿದ್ದೂ ಇಲ್ಲ. ಷಿಕಾಗೋದ ಮ್ಯೂಸಿಯಮ್ಮಿನಲ್ಲಿ ನೋಡುತ್ತಿದ್ದ ಒಂದು ದೊಡ್ಡ ಚಿತ್ರದ ಎಡಭಾಗ ಮಾತ್ರ ಜಾನಕಿಗೆ ಗೊತ್ತು. ಬಲಭಾಗಕ್ಕೆ ಬರುವಷ್ಟರಲ್ಲಿ ವ್ಯಾನು ಹೊರಟಿತ್ತು.

ಆಕೆಗೆ ಕೆಲಸ ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಒಂದು ಲೈಬ್ರರಿಯಲ್ಲಿ, ವಾಪಸು ಬಂದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು. ಮಿಕ್ಕವರು ಭಾರ ಎಂದು ಮುಟ್ಟದ ದಪ್ಪ ಚಿತ್ರದ ಪುಸ್ತಕಗಳನ್ನು ಅವಳು ಮೊದಲು ಎತ್ತಿಕೊಳ್ಳುತ್ತಿದ್ದಳು. ಶೆಲ್ಫಿಗೆ ಸೇರಿಸುವ ಮುಂಚೆ ಒಂದೆರಡು ಪುಟ ತಿರುವಲೇಬೇಕು. ಹಾಗೆ ಕಣ್ಣಿಗೆ ಬಿದ್ದದ್ದು ಸಿಯೆನಾ. ಬಂಗಾರದ ಹಿನ್ನೆಲೆಯ ತಾಯಿ-ಮಗು, ಇಟ್ಟಿಗೆ ಬಣ್ಣದ ಊರು, ಊರು ತುಂಬ ಚರ್ಚು.

2017ರ ಬೇಸಿಗೆಯಲ್ಲಿ ಒಂದು ದಿನ ಊಟಕ್ಕೆ ಬಡಿಸುತ್ತ ಹೇಳಿಯೇಬಿಟ್ಟಳು.

"ರೀ, ಸೆಪ್ಟೆಂಬರಲ್ಲಿ ನಾನು ಇಟಲಿಗೆ ಹೋಗ್ಬರ್ತೀನಿ. ಸಿಯೆನಾ. ಐದು ದಿನ."

"ಐದು ದಿನಕ್ಕೆ ನಾಲ್ಕು ಊರು ಕವರ್ ಮಾಡ್ಬೋದು. ತಾಳು, ಶೀಟ್ ಓಪನ್ ಮಾಡ್ತೀನಿ."

"ಒಂದೇ ಊರು. ನಾನೊಬ್ಳೇ."

ದ್ವಾರಕಾನಾಥನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಒಂದೇ ಊರಲ್ಲಿ ಐದು ದಿನ ಇರೋಕೆ ಅದೇನು ಬೀಗರ ಮನೇನಾ?"

ಮಗಳು ಸ್ಪಂದನಾ ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಜಸ್ಟ್ ಗೋ!" ಎಂದಳು. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಆದರೆ ಆ ಹೊತ್ತು ಅವಳ ಇಂಗ್ಲಿಷು ಜಾನಕಿಯ ಕಿವಿಗೆ ಜೇನು ಸುರಿದಂತಿತ್ತು.

ದ್ವಾರಕಾನಾಥ ಒಪ್ಪಿದ, ಆದರೆ ಒಂದು ಷರತ್ತಿನ ಮೇಲೆ. ಅವನ ಅಕ್ಕನ ಮಗ ವಿಶ್ವಾಸ್ ಮಿಲಾನಿನಲ್ಲಿ ಕೆಲಸದಲ್ಲಿದ್ದ. ದಿನಾ ವಿಡಿಯೋ ಕಾಲ್ ಮಾಡಬೇಕು, ಒಂಚೂರು ಹೆಚ್ಚುಕಡಿಮೆ ಆದರೂ ವಿಶ್ವಾಸ್ ಕಾರು ತಗೊಂಡು ಬಂದು, ಅತ್ತೆಯನ್ನು ಕೂರಿಸಿಕೊಂಡು, ಮಿಕ್ಕ ದಿನ ತಾನೇ ಸುತ್ತಾಡಿಸುತ್ತಾನೆ. ವಿಶ್ವಾಸ್ ಒಳ್ಳೆಯ ಹುಡುಗ. ನಡಿಗೆಯಲ್ಲಿ ಮಾತ್ರ ಸೋದರಮಾವನಿಗಿಂತ ಚುರುಕು. ಅವನು ಬಂದರೆ ಸಿಯೆನಾದ ಬಲಭಾಗವೂ ಉಳಿದುಹೋಗುತ್ತದೆ ಎಂದು ಜಾನಕಿ ಆಗಲೇ ಲೆಕ್ಕ ಹಾಕಿದಳು.

ಸಿಯೆನಾದಲ್ಲಿ ಮೊದಲೆರಡು ದಿನ ಹಬ್ಬ. ಬೆಳಗಾಗೆದ್ದು ಒಂದು ಚರ್ಚು, ಮಧ್ಯಾಹ್ನಕ್ಕೆ ಊಟ, ಮತ್ತೆ ಒಂದು ಚರ್ಚು, ಅಷ್ಟೇ. ಒಂದು ಬಂಗಾರದ ತಾಯಿಯ ಮುಂದೆ ನಿಂತಳು, ಕಾಲು ನೋಯಿತು, ಬೆಂಚಿನ ಮೇಲೆ ಕೂತಳು, ಮತ್ತೆ ಎದ್ದು ನಿಂತಳು. ಯಾರೂ ಕರೆಯಲಿಲ್ಲ. ಆ ತಾಯಿ ಮಗುವನ್ನು ನೋಡುತ್ತಲೇ ಇಲ್ಲ, ಎತ್ತಿಕೊಂಡು ಬೇರೇನೋ ಯೋಚಿಸುತ್ತಿದ್ದಾಳೆ ಎಂದು ಗೊತ್ತಾಗಲು ಅಷ್ಟು ಹೊತ್ತು ಬೇಕಾಯಿತು. ಅಯ್ಯೋ ಪಾಪ, ಇವಳಿಗೂ ಒಲೆ ಮೇಲೆ ಹಾಲಿದೆ ಎಂದುಕೊಂಡು ಜಾನಕಿ ನಕ್ಕಳು.

ಊಟಕ್ಕೂ ತೊಂದರೆಯಾಗಲಿಲ್ಲ. "ನೋ ಮೀಟ್, ನೋ ಫಿಶ್, ನೋ ಎಗ್" ಎಂದು ಕೈಯಾಡಿಸಿದರೆ, ಹೋಟೆಲಿನ ಹೆಂಗಸು ಬೀನ್ಸು, ಸೊಪ್ಪು, ಒಣಗಿದ ಬ್ರೆಡ್ಡು ಹಾಕಿ ಬೇಯಿಸಿದ ಗಟ್ಟಿ ಸೂಪು ತಂದಿಟ್ಟಳು. ನಿನ್ನೆ ಮಾಡಿದ್ದನ್ನು ಇವತ್ತು ಮತ್ತೆ ಕುದಿಸಿದ್ದಂತೆ. ಮಾರನೇ ದಿನದ ಹುಳಿಗೇ ರುಚಿ ಹೆಚ್ಚು ಎಂಬುದು ಇವರಿಗೂ ಗೊತ್ತಲ್ಲ ಎಂದು ಜಾನಕಿ ಎರಡನೇ ಸಲ ಹಾಕಿಸಿಕೊಂಡಳು. ಬಡಿಸುವವಳು ಬೇರೆ, ಉಣ್ಣುವವಳು ತಾನು. ಆ ಸುಖವನ್ನು ಮುಚ್ಚುಮರೆಯಿಲ್ಲದೆ ಅನುಭವಿಸಿದಳು.

ಮೂರನೇ ದಿನ ಒಂದು ಇಳಿಜಾರು ಓಣಿಯಲ್ಲಿ ಹೆಸರು ಕೇಳಿರದ ಪುಟ್ಟ ಚರ್ಚು ಸಿಕ್ಕಿತು. ಹೊಸ್ತಿಲಲ್ಲಿ ಕಾಲಿಟ್ಟವಳು ತಟ್ಟನೆ ಹಿಂದೆಗೆದಳು. ನೆಲದ ತುಂಬ ಬಣ್ಣದ ಕಲ್ಲು ಕೂರಿಸಿ ಮಾಡಿದ ಚಿತ್ರಗಳು: ಹಕ್ಕಿ, ಮರ, ಕೊಡ ಹೊತ್ತ ಹೆಂಗಸು, ಕುದುರೆ. ಕಾಗದಕ್ಕೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು, ಇಂಥ ಚಿತ್ರದ ಮೇಲೆ ಚಪ್ಪಲಿ ಕಾಲಿಡುವುದುಂಟೇ? ಮೆಟ್ಟಿಲ ಪಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕಲ್ಲು ತಂಪಾಗಿ ಹಿತವಾಗಿತ್ತು.

ಎಷ್ಟೋ ಹೊತ್ತಾದ ಮೇಲೆ ಹೊರಗೆ ಬಂದರೆ ಚಪ್ಪಲಿ ಇಲ್ಲ. ಮೆಟ್ಟಿಲು ಮೇಲೆ ಕೆಳಗೆ ಹುಡುಕಿದಳು, ಬಾಗಿಲ ಹಿಂದೆ ಹುಡುಕಿದಳು. ಯಾರೋ ಬೇಡದ್ದೆಂದು ಎತ್ತಿಕೊಂಡು ಹೋಗಿರಬೇಕು. ಮೆಟ್ಟಿಲ ಮೇಲೆ ಚಪ್ಪಲಿ ಕಂಡರೆ ಬಿಟ್ಟವರು ಒಳಗಿದ್ದಾರೆ ಎಂದು ತಿಳಿಯಲು ಇದೇನು ನಂಜನಗೂಡೇ? ದೇವಸ್ಥಾನದಲ್ಲಿ ಚಪ್ಪಲಿ ಹೋದರೆ ಹಿಡಿದ ಶನಿ ಬಿಟ್ಟಿತು ಎನ್ನುತ್ತಾರೆ. ಆ ಮಾತು ನೆನಪಾಗಿ ಜಾನಕಿಗೆ ನಗು ಬಂತು. ನಗು ಮುಗಿಯುವ ಮೊದಲೇ ವಿಶ್ವಾಸ್‌ನ ಕಾರು ಕಣ್ಣ ಮುಂದೆ ಬಂದು ನಿಂತಿತು. ತಂದದ್ದು ಅದೊಂದೇ ಜೋಡಿ.

ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಉಸಿರು ಬಿಡುವಷ್ಟರಲ್ಲಿ ಫೋನು. ಸ್ನೊಕ್ವಾಲ್ಮಿಯಲ್ಲಿ ಬೆಳಗಿನ ಕಾಫಿ ಹೊತ್ತು.

"ಎಲ್ಲಾ ಸರಿ ಇದೆ ತಾನೇ?" ದ್ವಾರಕಾನಾಥ ಕೇಳಿದ.

"ಸರಿ ಇದೆ ರೀ." ಚರ್ಚಿನಲ್ಲಿ ಯಾರೂ ಇರಲಿಲ್ಲ, ಆದರೂ ದನಿ ತಗ್ಗಿಸಿದಳು. "ಇಲ್ಲಿ ನೆಲ ನೋಡ್ಬೇಕು ನೀವು, ಏನ್ ಚಿತ್ರ ಅಂತೀರಾ!" ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಎಲ್ಲಿ, ತೋರ್ಸು."

ಕಾಲು ಬೆಂಚಿನಡಿಗೆ ಎಳೆದುಕೊಂಡು ಫೋನು ಬಗ್ಗಿಸಿದಳು. ಕೊಡ ಹೊತ್ತ ಹೆಂಗಸು ಕಂಡಳು, ಅವಳ ಪಕ್ಕದಲ್ಲೇ ಕಾಲುಂಗುರದ ಎರಡು ಬೆರಳೂ ಕಂಡವು.

"ಚಪ್ಪಲಿ ಎಲ್ಲಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೋಯ್ತು. ಹೊರಗೆ ಬಿಟ್ಟಿದ್ದೆ."

"ನೋಡಿದ್ಯಾ! ಅದಕ್ಕೇ ಹೇಳಿದ್ದು. ನೀನು ಅಲ್ಲೇ ಕೂತಿರು, ಅಲ್ಲಾಡ್ಬೇಡ. ವಿಶ್ವಾಸ್‌ಗೆ ಈಗ್ಲೇ ಕಾಲ್ ಮಾಡ್ತೀನಿ."

"ಬೇಡ ರೀ."

"ಬರಿಗಾಲಲ್ಲಿ ಏನ್ ಮಾಡ್ತೀಯ?"

"ನಡೀತೀನಿ." ಜಾನಕಿಯ ಕಣ್ಣಲ್ಲಿ ನೀರು ತುಂಬಿತು. ದನಿ ಮಾತ್ರ ಅಲುಗಲಿಲ್ಲ. "ಕಳೆದಿರೋದು ಚಪ್ಪಲಿ, ನಾನಲ್ಲ. ಮದುವೆಯಾದಾಗಿಂದ ನಿಮ್ಮ ಹಿಂದೆ ಓಡೋಡಿ ಬಂದಿದೀನಿ. ಒಂದ್ಸಲಾನೂ ನಾನು ನಿಂತಿದ್ದು ಯಾಕೆ ಅಂತ ನೀವು ಕೇಳ್ಲಿಲ್ಲ. ಇನ್ನೆರಡು ದಿನ ನನ್ನ ಪಾಡಿಗೆ ನನ್ನ ಬಿಡಿ. ನಿಮಗೆ ಕೈ ಮುಗೀತೀನಿ."

ಜಾನಕಿ ಫೋನು ನೋಡಿದಳು. ದ್ವಾರಕಾನಾಥ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕಾಫಿ ಲೋಟ ಹಿಡಿದು, ಕೆನ್ನೆ ಕೆರೆದುಕೊಳ್ಳುತ್ತಿದ್ದ.

ಆಮೇಲೆ ಹೇಳಿದ. "ನಿನ್ನ ಲೊಕೇಷನ್ ಮ್ಯಾಪಲ್ಲಿ ನೋಡ್ತಿದೀನಿ. ಹೊರಗೆ ಬಂದು ಬಲಕ್ಕೆ ಹೋದ್ರೆ ಒಂದು ಚಪ್ಪಲಿ ಅಂಗಡಿ ಇದೆ."

"ಎಡಕ್ಕೆ ಏನೋ ಬಾದಾಮಿ ಹುರಿಯೋ ಘಮ ಬರ್ತಿತ್ತು. ಮೊದಲು ಆ ಕಡೆ ಹೋಗ್ತೀನಿ. ಚಪ್ಪಲಿ ಆಮೇಲೆ."

ಬಯ್ಯುತ್ತಾನೆ ಎಂದುಕೊಂಡಳು. ಬಯ್ಯಲಿಲ್ಲ.

"ಸರಿ, ಎಡಕ್ಕೇ ಹೋಗು," ಎಂದ. ಕಾಫಿ ಲೋಟ ಕೆಳಗಿಟ್ಟ. "ಅದಕ್ಕೆ ಮುಂಚೆ, ಆ ಕೊಡದ ಹೆಂಗಸನ್ನ ಇನ್ನೊಂದ್ಸಲ ತೋರ್ಸು. ಅವಳ ಹತ್ರ ನೀನು ಯಾಕೆ ನಿಂತ್ಕೊಂಡೆ?"

ಜಾನಕಿ ಸೆರಗಿಲ್ಲದ ಕುರ್ತಾದ ತೋಳಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. ಫೋನನ್ನು ನೆಲದ ಕಡೆ ಹಿಡಿದು, ಒಂದೊಂದೇ ಕಲ್ಲಿನ ಬಣ್ಣ ಹೇಳುತ್ತ, ತನಗೆ ಬೇಕಾದಲ್ಲಿ ಬೇಕಾದಷ್ಟು ಹೊತ್ತು ನಿಂತು ನಿಂತು ಮುಂದೆ ಹೋದಳು. ದ್ವಾರಕಾನಾಥ ಅಂದಿನ ಮೊದಲ ಮೀಟಿಂಗು ಬಿಟ್ಟು, ಫೋನಿನಲ್ಲೇ ಅವಳ ಹಿಂದೆ ಹಿಂದೆ ನಡೆದ.